ಆಟ ನಡೆದದ್ದು ಎಲ್ಲಿ? ಮಲೆನಾಡಿನ ಪ್ರದರ್ಶನ ದಾಖಲೆಗಳಲ್ಲಿ ಸ್ಥಳನಾಮದ ಪ್ರಶ್ನೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ನಡೆದ ಯಕ್ಷಗಾನ, ತಾಳಮದ್ದಲೆ, ನಾಟಕ, ಸಂಗೀತ ಕಛೇರಿಗಳನ್ನು ಒಂದೇ ದತ್ತಕೋಶದಲ್ಲಿ ದಾಖಲಿಸಲು ಹೊರಟರೆ ಆಕರಗಳಿಗೆ ಬರವಿಲ್ಲ. ಮೇಳಗಳ ಕರಪತ್ರ, ಪತ್ರಿಕೆಗಳಲ್ಲಿ ಬರುವ ದಿನದ ಆಟಗಳ ಪಟ್ಟಿ, ಸಂಘಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಕಲಾವಿದರ ದಿನಚರಿ, ಹೀಗೆ ಸಾಮಗ್ರಿ ಹೇರಳವಾಗಿದೆ. ಹಲವರು ಕೂತು ದಾಖಲಿಸುವಾಗ ಪ್ರಸಂಗದ ಹೆಸರು, ಭಾಗವತರ ಹೆಸರುಗಳ ವಿಷಯದಲ್ಲಿ ಹೇಗೋ ಒಮ್ಮತಕ್ಕೆ ಬರಬಹುದು. ‘ಸ್ಥಳ’ ಎಂಬ ಕಾಲಮ್ಮಿಗೆ ಬಂದಾಗ ಮಾತ್ರ ಒಬ್ಬರು ಬರೆದದ್ದು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಪರಿಹಾರವೆಂದರೆ ಸರಿಯಾದ ಹೆಸರೊಂದನ್ನು ಗೊತ್ತುಮಾಡಿ ಉಳಿದವನ್ನೆಲ್ಲ ಅದಕ್ಕೆ ತಿದ್ದುವುದು. ಆ ಪರಿಹಾರ ಈ ಸೀಮೆಗೆ ಒಗ್ಗದು ಎಂಬುದು ನನ್ನ ವಾದ. ಮೊದಲು ಒಪ್ಪಂದ ಆಗಬೇಕಾದದ್ದು ಜಾಗದ ಬಗ್ಗೆ. ಹೆಸರು ಆ ಜಾಗದ ಕುರಿತ ಸಾಕ್ಷ್ಯ, ಸಾಕ್ಷ್ಯವನ್ನು ತಿದ್ದುವ ಅಧಿಕಾರ ದಾಖಲಿಸುವವರಿಗಿಲ್ಲ.

ಯಕ್ಷಗಾನದ ಕರಪತ್ರವೊಂದರಲ್ಲಿ ಎಷ್ಟು ಊರುಗಳ ಹೆಸರಿರುತ್ತವೆ ಎಂಬುದನ್ನು ಗಮನಿಸಿದರೆ ತೊಡಕಿನ ಮೊದಲ ಎಳೆ ಸಿಗುತ್ತದೆ. ಮೇಳದ ಹೆಸರೇ ಊರಿನದು: ಮಂದಾರ್ತಿ, ಮಾರಣಕಟ್ಟೆ, ಪೆರ್ಡೂರು, ಸಾಲಿಗ್ರಾಮ. ಕಲಾವಿದರ ಹೆಸರಿನ ಮುಂದೆಯೂ ಊರು ಅಥವಾ ಮನೆತನ: ಚಿಟ್ಟಾಣಿ, ನೆಬ್ಬೂರು, ಕೆರೆಮನೆ, ಹೊಸ್ತೋಟ. ಇಷ್ಟಾದ ಮೇಲೆ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಆಟ ನಡೆಯುವ ಊರು. ಅವಸರದಲ್ಲಿ ನಮೂದಿಸುವವರು ದಪ್ಪಕ್ಷರದಲ್ಲಿ ಕಂಡ ಊರನ್ನೇ ಸ್ಥಳವೆಂದು ಬರೆದುಬಿಡುವುದು ಸಹಜ. ಆಗ ಘಟ್ಟದ ಮೇಲಿನ ಆಟಗಳೆಲ್ಲ ಲೆಕ್ಕದಲ್ಲಿ ಘಟ್ಟದ ಕೆಳಗೆ, ಈ ಮೇಳಗಳ ಊರಿನಲ್ಲಿ, ನಡೆದಂತಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಹೊಸನಗರ ಮೇಳ. ಹೊಸನಗರ ತಾಲ್ಲೂಕಿನಲ್ಲಿರುವ ಶ್ರೀರಾಮಚಂದ್ರಾಪುರ ಮಠದ ಆಶ್ರಯದಿಂದ ಆ ಹೆಸರು ಪಡೆದರೂ ಅದು ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣ ಶೈಲಿಯ, ಮೇಳವಾಗಿತ್ತು. ಅದರ ಪ್ರೇಕ್ಷಕರು ಹೆಚ್ಚಾಗಿ ದಕ್ಷಿಣ ಕನ್ನಡದ ಕಡೆಯವರಾಗಿದ್ದರು. ‘ಹೊಸನಗರ’ ಎಂದು ಹುಡುಕಿದ ಸಂಶೋಧಕನಿಗೆ ಆ ಮೇಳ ಕರಾವಳಿಯಲ್ಲಿ ಆಡಿದ ಆಟಗಳೆಲ್ಲ ಸಿಕ್ಕರೆ ಬಡಗುತಿಟ್ಟಿನ (ಉತ್ತರ ಶೈಲಿಯ) ಮಲೆನಾಡಿನಲ್ಲಿ ತೆಂಕುತಿಟ್ಟು ಬೇರೂರಿತ್ತು ಎಂಬ ಪ್ರಬಂಧವೊಂದು ಸಿದ್ಧವಾಗಲು ಹೊತ್ತು ಹಿಡಿಯದು. ನೀನಾಸಂ ವಿಷಯದಲ್ಲೂ ಇದೇ ಗೋಜಲಿದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘದ ಸಂಕ್ಷಿಪ್ತ ರೂಪವೇ ನೀನಾಸಂ. ಅದು ಸಂಸ್ಥೆಯ ಹೆಸರು. 1980ರಲ್ಲಿ ಆರಂಭವಾದ ರಂಗಶಿಕ್ಷಣ ಕೇಂದ್ರವನ್ನೂ 1985ರಿಂದ ಊರೂರು ಸುತ್ತುತ್ತಿರುವ ತಿರುಗಾಟವನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ‘ನೀನಾಸಂನಲ್ಲಿ ನಾಟಕ ನೋಡಿದೆ’ ಎಂದರೆ ಬಹುಪಾಲು ಅಲ್ಲಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ನೋಡಿದೆ ಎಂದರ್ಥ. ‘ನೀನಾಸಂ ನಾಟಕ ನೋಡಿದೆ’ ಎಂದರೆ ಅದು ತೀರ್ಥಹಳ್ಳಿಯ ಗೋಪಾಲಗೌಡ ರಂಗಮಂದಿರದಲ್ಲೂ ಆಗಿರಬಹುದು. ಇವೆರಡರ ನಡುವೆ ಇರುವುದು ಒಂದು ಸಪ್ತಮೀ ವಿಭಕ್ತಿ ಪ್ರತ್ಯಯ ಮಾತ್ರ, ನಮೂನೆಯ ಖಾನೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಒಂದೇ ಹೆಸರಿನ ಎರಡು ಊರುಗಳ ಸಮಸ್ಯೆ ಎಲ್ಲ ಸೀಮೆಗಳಲ್ಲೂ ಇದೆಯಾದರೂ ಇಲ್ಲಿ ಅದು ತೀರ ಹತ್ತಿರದಲ್ಲೇ ಕಾಡುತ್ತದೆ. ಸಾಗರದಿಂದ ಉತ್ತರಕ್ಕೆ ಹೋದರೆ ಉತ್ತರ ಕನ್ನಡದ ಸಿದ್ದಾಪುರ. ಹೊಸನಗರದ ಕಡೆಯಿಂದ ಬಾಳೆಬರೆ ಘಾಟಿ ಇಳಿದು ಕುಂದಾಪುರದತ್ತ ಹೋದರೆ ದಾರಿಯಲ್ಲಿ ಇನ್ನೊಂದು ಸಿದ್ದಾಪುರ. ಎರಡೂ ಯಕ್ಷಗಾನದ ನೆಲ, ಬಡಗಿನ ಮೇಳಗಳಿಗೆ ಎರಡೂ ಪರಿಚಿತ. ‘ಸಿದ್ದಾಪುರ, ಬಸ್ ನಿಲ್ದಾಣದ ಎದುರು’ ಎಂದಷ್ಟೇ ಇರುವ ಪಟ್ಟಿಯನ್ನು ಬಿಡಿಸಲು ಹಿಂದಿನ ದಿನ, ಮರುದಿನ ಮೇಳ ಎಲ್ಲಿತ್ತು ಎಂದು ನೋಡಬೇಕಾಗುತ್ತದೆ. ಸಾಗರಕ್ಕೂ ಮಧ್ಯಪ್ರದೇಶದಲ್ಲಿ ಹೆಸರಿನ ನೆಂಟನಿದ್ದಾನೆ. ನಮ್ಮ ಸಾಗರದ ರೈಲು ನಿಲ್ದಾಣದ ಫಲಕದಲ್ಲಿ ‘ಸಾಗರ ಜಂಬಗಾರು’ ಎಂದಿರುವುದರಿಂದ ರೈಲ್ವೆಯವರ ಮಟ್ಟಿಗೆ ಗೊಂದಲ ಕಡಿಮೆ. ಊರವರು ಯಾರೂ ತಮ್ಮ ಪೇಟೆಯನ್ನು ಹಾಗೆ ಕರೆಯುವುದಿಲ್ಲ.

ಒಂದೇ ಜಾಗಕ್ಕೆ ಹಲವು ಹೆಸರುಗಳಿರುವ ಸಮಸ್ಯೆಗೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರೇ ನಿದರ್ಶನ. ಕೆಳದಿ ಅರಸರ ಕಡೆಯ ರಾಜಧಾನಿ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಹೆಸರಿಟ್ಟ. ಅದು ಸವೆದು ನಗರವಾಯಿತು. ಮುಂದೆ ತಾಲ್ಲೂಕು ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಹೋದಾಗ ಆ ಊರು ಹೊಸನಗರ ಎನಿಸಿಕೊಂಡಿತು. ಹೀಗಾಗಿ ಹಳೆಯ ಕಡತಗಳ ‘ನಗರ ತಾಲ್ಲೂಕು’ ಎಂಬುದನ್ನು ಇಂದಿನ ನಗರ ಗ್ರಾಮಕ್ಕೆ ಸಮೀಕರಿಸಿದರೆ ಇಡೀ ತಾಲ್ಲೂಕನ್ನು ಒಂದು ಹೋಬಳಿ ಕೇಂದ್ರಕ್ಕೆ ತುರುಕಿದಂತೆ. ಪತ್ರಿಕಾ ವರದಿಗಳ ಕಾಟ ಬೇರೆ. ‘ನಗರದ ಗಣಪತಿ ದೇವಸ್ಥಾನದಲ್ಲಿ ನಡೆದ ತಾಳಮದ್ದಲೆ’ ಎಂದು ಶಿವಮೊಗ್ಗದ ವರದಿಗಾರ ಬರೆದರೆ ಅದು ಶಿವಮೊಗ್ಗ ಪೇಟೆ. ಇಂಥ ವಾಕ್ಯಗಳನ್ನು ಯಂತ್ರದಿಂದ ಓದಿಸಿ ಊರಿನ ಹೆಸರು ಹೆಕ್ಕಿಸಿದರೆ ಬಿದನೂರಿನ ಕೋಟೆ ಸಾಲದಷ್ಟು ಆಟಗಳು ಅಲ್ಲಿ ಜಮೆಯಾಗುತ್ತವೆ.

ಈಗ ಲಿಪಿಯ ಮಾತು. ಏಕರೂಪತೆಯ ಚರ್ಚೆ ಸಾಮಾನ್ಯವಾಗಿ ಇಂಗ್ಲಿಷ್ ಕಾಗುಣಿತದಲ್ಲೇ ಮುಗಿದುಹೋಗುತ್ತದೆ: ತೀರ್ಥಹಳ್ಳಿಗೆ ಮೊದಲ ಅಕ್ಷರದ ಪಕ್ಕ ‘ಎಚ್’ ಬೇಕೇ ಬೇಡವೇ, ಸಾಗರದ ಕೊನೆಗೆ ‘ಎ’ ಇರಬೇಕೇ ಎಂದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಶಿವಮೊಗ್ಗವೂ ಅದರಲ್ಲಿತ್ತು. ಶಿವಮೊಗ್ಗವನ್ನು ಕನ್ನಡದಲ್ಲಿ ಬರೆದಿಟ್ಟವರು ಅಂದು ಒಂದು ಅಕ್ಷರವನ್ನೂ ತಿದ್ದಬೇಕಾಗಲಿಲ್ಲ. ಕನ್ನಡ ರೂಪವನ್ನೇ ಮುಖ್ಯ ರೂಪವಾಗಿ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು.

ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕೆಲಸ ಮುಗಿಯದು. ಯೂನಿಕೋಡ್‌ನಲ್ಲಿ ‘ಹೊಸನಗರ’ದ ‘ಹೊ’ವನ್ನು ಹಕಾರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ‘ತೀರ್ಥಹಳ್ಳಿ’ಯ ದೀರ್ಘಕ್ಕೂ ‘ಹೆಗ್ಗೋಡಿ’ನ ಓತ್ವಕ್ಕೂ ಇದೇ ಮಾತು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವ ಯಂತ್ರ ಮಾತ್ರ, ಮೊದಲೇ ಹೇಳಿಕೊಡದಿದ್ದರೆ, ಅವನ್ನು ಬೇರೆ ಬೇರೆ ಊರೆಂದೇ ತಿಳಿಯುತ್ತದೆ. ಯೂನಿಕೋಡ್ ನಿಗದಿಪಡಿಸಿದ ಸಾಮಾನ್ಯೀಕರಣದಿಂದ ಇವು ಒಂದಾಗುತ್ತವೆ. ರಿಪ್ಪನ್‌ಪೇಟೆಯದು ಇನ್ನೂ ಸೂಕ್ಷ್ಮ. ವೈಸ್‌ರಾಯ್ ರಿಪ್ಪನ್ ಹೆಸರಿನ ಈ ಊರನ್ನು ಬರೆಯುವಾಗ ನಕಾರದ ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕಾದರೆ ಅಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಒತ್ತಬೇಕು. ಅದನ್ನು ಬಿಟ್ಟರೆ ಪಕಾರ ಒತ್ತಕ್ಷರವಾಗಿ ಕೆಳಗಿಳಿದು ‘ರಿಪ್ಪನ್ಪೇಟೆ’ ಆಗುತ್ತದೆ. ಕೆಲವರು ‘ರಿಪ್ಪನಪೇಟೆ’ ಎಂದೇ ಬರೆಯುತ್ತಾರೆ. ಮೇಲಿನ ಸಾಮಾನ್ಯೀಕರಣ ಆ ಕಾಣದ ಗುರುತನ್ನು ಮುಟ್ಟುವುದೇ ಇಲ್ಲ. ಹುಡುಕಾಟದ ಸೂಚಿಯಲ್ಲಿ ಆ ಗುರುತನ್ನು ತೆಗೆದುಹಾಕಿ, ತೋರಿಸುವ ರೂಪದಲ್ಲಿ ಉಳಿಸಿಕೊಳ್ಳುವುದೊಂದೇ ದಾರಿ. ಕುಪ್ಪಳಿ, ಕುಪ್ಪಳ್ಳಿಗಳ ವ್ಯತ್ಯಾಸವನ್ನು ಯಂತ್ರ ಬಗೆಹರಿಸಲಾರದು. ಕುವೆಂಪು ಪ್ರತಿಷ್ಠಾನ ಬಳಸುವ ‘ಕುಪ್ಪಳಿ’ಯನ್ನು ಮುಖ್ಯ ರೂಪವಾಗಿಯೂ ಇನ್ನೊಂದನ್ನು ಪರ್ಯಾಯವಾಗಿಯೂ ಇಡಬೇಕು.

ಸರ್ಕಾರದ ಗ್ರಾಮಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡರೆ ಆಗದೇ? ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಸಂಖ್ಯೆ ಇದೆ, ಅದನ್ನು ಬಳಸಿಕೊಳ್ಳಲೇಬೇಕು. ಆದರೆ ಅದು ಸಾಲದು ಎನ್ನಲು ಎರಡು ಕಾರಣಗಳಿವೆ. ಮಲೆನಾಡಿನಲ್ಲಿ ಮನೆಗಳು ಚದುರಿವೆ. ಎರಡು ಮನೆಗಳ ಒಂದು ಕೇರಿಗೂ ತನ್ನದೇ ಹೆಸರಿದ್ದು, ಕರಪತ್ರದಲ್ಲಿ ಅಚ್ಚಾಗುವುದು ಆ ಹೆಸರೇ ಹೊರತು ಕಂದಾಯ ಗ್ರಾಮದ್ದಲ್ಲ. ಎರಡನೆಯದು ನೀರು. ಹಿರೇಭಾಸ್ಕರದಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು 1948ರಲ್ಲಿ, ಲಿಂಗನಮಕ್ಕಿ 1964ರಲ್ಲಿ ಪೂರ್ಣಗೊಂಡವು. ಕರೂರು, ಭಾರಂಗಿ ಹೋಬಳಿಗಳ ಎಷ್ಟೋ ಊರುಗಳು ಮುಳುಗಿದವು. ಹೊಸನಗರ ತಾಲ್ಲೂಕಿನಲ್ಲಿ ವಾರಾಹಿ, ಚಕ್ರಾ ಯೋಜನೆಗಳು ಇನ್ನಷ್ಟನ್ನು ನುಂಗಿದವು. ಹಿರೇಭಾಸ್ಕರದ ಅಣೆಕಟ್ಟೇ ಲಿಂಗನಮಕ್ಕಿಯ ಹಿನ್ನೀರಿನೊಳಗೆ ಹೋಗಿದ್ದು, ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. 1950ರ ದಶಕದ ಆಟವೊಂದು ಮುಳುಗಿದ ಊರಿನ ಗದ್ದೆಯಲ್ಲಿ ನಡೆದಿದ್ದರೆ ಇಂದಿನ ಪಟ್ಟಿಯಲ್ಲಿ ಆ ಊರನ್ನು ಹುಡುಕಿ ಫಲವಿಲ್ಲ. ಆ ಊರಿನವರು ನೆಲೆಸಿದ ಹೊಸ ಜಾಗಕ್ಕೆ ದಾಖಲೆಯನ್ನು ಒಯ್ಯುವುದಂತೂ ಸುಳ್ಳು ಹೇಳಿದಂತೆ. ಮುಳುಗಿದ ಊರಿಗೂ ನಮ್ಮ ದತ್ತಕೋಶದಲ್ಲಿ ಸ್ವಂತ ಸಂಖ್ಯೆ, ಅಂದಾಜು ನೆಲೆ, ಇಲ್ಲವಾದ ವರ್ಷ ಇರಬೇಕು.

ಹೊರಗಿನ ಎರಡು ಮಾದರಿಗಳು ಇಲ್ಲಿ ನೆರವಾಗುತ್ತವೆ. ಸಂಗೀತದ ಸಾರ್ವಜನಿಕ ವಿಶ್ವಕೋಶವಾದ ಮ್ಯೂಸಿಕ್‌ಬ್ರೈನ್ಜ್ ಊರು, ಜಿಲ್ಲೆಗಳಂಥ ಪ್ರದೇಶವನ್ನೂ ಸಭಾಭವನದಂಥ ತಾಣವನ್ನೂ ಬೇರೆ ಬೇರೆ ವರ್ಗಗಳಾಗಿಸಿ, ಪರ್ಯಾಯ ಹೆಸರುಗಳಿಗೆ ಆರಂಭ, ಅಂತ್ಯದ ದಿನಾಂಕ ಸೇರಿಸಲು ಅವಕಾಶ ಕೊಟ್ಟಿದೆ. ವಿಕಿಡೇಟಾ ಪ್ರತಿ ವಸ್ತುವಿಗೂ ಭಾಷೆಗೆ ಸೇರದ ಒಂದು ಸಂಖ್ಯೆ ಕೊಟ್ಟು ಹೆಸರುಗಳನ್ನು ಅದಕ್ಕೆ ತಗುಲಿಸುತ್ತದೆ. ಎರಡನ್ನೂ ಸ್ವಲ್ಪ ಬಗ್ಗಿಸಿ ಬಳಸಬೇಕು. ಮ್ಯೂಸಿಕ್‌ಬ್ರೈನ್ಜ್‌ನ ‘ತಾಣ’ದ ಕಲ್ಪನೆ ಸ್ಥಿರವಾದ ಜಾಗದ್ದು. ಬಯಲಾಟದ ರಂಗಸ್ಥಳವೋ ಕೊಯ್ಲಾದ ಗದ್ದೆಯಲ್ಲಿ ಒಂದು ರಾತ್ರಿ ಎದ್ದು ಬೆಳಗಾಗುವುದರೊಳಗೆ ಕಳಚಿಹೋಗುವಂಥದು. ಅದಕ್ಕೊಂದು ಶಾಶ್ವತ ತಾಣಸಂಖ್ಯೆ ಕೊಟ್ಟು ಕೂತರೆ ಕೋಶದ ತುಂಬ ಒಂದೊಂದೇ ಆಟದ ಸಾವಿರಾರು ತಾಣಗಳಾದಾವು. ಗದ್ದೆ, ಶಾಲೆಯ ಅಂಗಳ, ಡೇರೆ ಎಂಬ ಬಗೆಯನ್ನು ಆಟದ ವಿವರದಲ್ಲೇ ಹೇಳಿ, ಸಂಖ್ಯೆಯನ್ನು ಊರಿನ ಮಟ್ಟದಲ್ಲಿ ನಿಲ್ಲಿಸುವುದು ಲೇಸು. ರಂಗಮಂದಿರ, ದೇವಸ್ಥಾನ, ವರ್ಷವರ್ಷವೂ ಆಟ ನಡೆಯುವ ಮೈದಾನಗಳಿಗೆ ಮಾತ್ರ ತಾಣಸಂಖ್ಯೆ ಸಲ್ಲಲಿ.

ಹರಕೆ ಆಟಗಳಿಗೆ ಇನ್ನೊಂದು ಎಚ್ಚರ ಬೇಕು. ಮಂದಾರ್ತಿಯಂಥ ಮೇಳಗಳ ಆಟ ಆಡಿಸಲು ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುತ್ತಾರೆ. ಸರದಿ ಬಂದಾಗ ಆಟ ಅವರ ಮನೆಯ ವಠಾರದಲ್ಲೇ. ಕರಪತ್ರ ಮನೆಯ ಯಜಮಾನರ ಹೆಸರನ್ನೇ ಸ್ಥಳವಾಗಿ ಅಚ್ಚು ಹಾಕುತ್ತದೆ. ಸಾಕ್ಷ್ಯವಾದ ಮೂಲಪ್ರತಿಯ ಪಾಠವನ್ನು ಇದ್ದಂತೆ ಕಾಪಿಡಬೇಕಾದರೂ ಆ ಪಾಠವೆಲ್ಲ ಸಾರ್ವಜನಿಕ ಹುಡುಕಾಟಕ್ಕೆ ತೆರೆದಿರಬೇಕಿಲ್ಲ. ಊರಿನ ಹೆಸರಿನ ಜತೆಗೆ ‘ಹರಕೆದಾರರ ಮನೆ’ ಎಂದಷ್ಟೇ ತೋರಿಸಿದರೆ ಪ್ರದರ್ಶನದ ಚರಿತ್ರೆಗೆ ಏನೂ ನಷ್ಟವಿಲ್ಲ.

ತೀರ್ಮಾನಿಸುವವರು ಯಾರು ಎಂಬುದು ಉಳಿದ ಪ್ರಶ್ನೆ. ತೋರಿಸುವ ರೂಪವನ್ನು ಆಯಾ ತಾಲ್ಲೂಕಿನವರೇ ಗೊತ್ತುಮಾಡಲಿ, ಬದಲಿಸಬೇಕೆಂದಾಗ ಕಾರಣವನ್ನೂ ಆಕರವನ್ನೂ ಬರೆದೇ ಬದಲಿಸಲಿ, ಹಳೆಯ ರೂಪ ಅಳಿಯದೆ ಪರ್ಯಾಯಗಳ ಸಾಲಿಗೆ ಸೇರಲಿ. ಎರಡು ಊರುಗಳ ನಡುವೆ ಅನುಮಾನವಿದ್ದರೆ ಎರಡನ್ನೂ ಸೂಚಿಸಿ ‘ಅನಿಶ್ಚಿತ’ ಎಂದು ಗುರುತಿಸುವ ಸೌಲಭ್ಯ ನಮೂನೆಯಲ್ಲಿ ಮೊದಲ ದಿನದಿಂದಲೇ ಇರಬೇಕು. ಬರೀ ‘ಸಿದ್ದಾಪುರ’ ಎಂದಿರುವ ಕರಪತ್ರವನ್ನು ಮೇಳದ ಮರುದಿನದ ಆಟ ಸಿಗುವವರೆಗೆ ಹಾಗೆಯೇ ಬಿಡಲು ಆಗ ಯಾರಿಗೂ ಅಡ್ಡಿಯಿರದು.