ಮಕ್ಕಳ ದೀರ್ಘಕಾಲಿಕ ಸಂಧಿವಾತದ ಚಿಕಿತ್ಸೆ
16 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡು, ಕನಿಷ್ಠ 6 ವಾರ ಉಳಿಯುವ, ಕಾರಣ ತಿಳಿಯದ ಕೀಲುಗಳ ಉರಿಯೂತವನ್ನು ಮಕ್ಕಳ ದೀರ್ಘಕಾಲಿಕ ಸಂಧಿವಾತ ಎಂಬ ಹೆಸರಿನಿಂದ ಗುರುತಿಸಲಾಗುತ್ತದೆ. ನ್ಯಾಪ್ರೊಕ್ಸೆನ್‌ನಂತಹ ನೋವುನಿವಾರಕಗಳು ಬೆಳಗಿನ ಬಿಗಿತವನ್ನು ತಗ್ಗಿಸಿದರೂ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವುದನ್ನು ತಡೆಯಲಾರವು, ಆದ್ದರಿಂದ ಕೆಲವೇ ಕೀಲುಗಳು ಊದಿದ್ದರೆ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನೂ, ರೋಗ ಹಲವು ಕೀಲುಗಳಿಗೆ ಹರಡಿದ್ದರೆ ಮೆಥೊಟ್ರೆಕ್ಸೇಟನ್ನೂ (ಇದನ್ನು ವಾರಕ್ಕೊಮ್ಮೆ ಮಾತ್ರ ಕೊಡಬೇಕು, ದಿನವೂ ಕೊಟ್ಟರೆ ಪ್ರಾಣಾಪಾಯ), ಅದಕ್ಕೂ ಬಗ್ಗದಿದ್ದರೆ ಉರಿಯೂತವನ್ನು ಪ್ರಚೋದಿಸುವ ಪ್ರೋಟೀನುಗಳನ್ನು ತಡೆಯುವ ಎಟನರ್ಸೆಪ್ಟ್, ಅಡಲಿಮುಮ್ಯಾಬ್ ಮೊದಲಾದ ಜೈವಿಕ ಔಷಧಗಳನ್ನೂ ಬಳಸುತ್ತಾರೆ. ಈ ರೋಗದ ಜೊತೆಗೆ ಬರಬಹುದಾದ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ನೋವಾಗಲಿ ಕೆಂಪಾಗಲಿ ಇಲ್ಲದೆಯೇ ದೃಷ್ಟಿಯನ್ನು ಕಸಿಯಬಲ್ಲದಾದ್ದರಿಂದ, ಮಗು ಏನೂ ತೊಂದರೆ ಹೇಳದಿದ್ದರೂ ನೇತ್ರತಜ್ಞರಿಂದ ಸ್ಲಿಟ್ ಲ್ಯಾಂಪ್ ತಪಾಸಣೆಯನ್ನು ನಿಗದಿತ ಅವಧಿಗೊಮ್ಮೆ ಮಾಡಿಸಲೇಬೇಕು. ಸ್ನಾಯುಗಳು ಸೊರಗದಂತೆಯೂ, ಮಡಚಿದ ಕೀಲು ಹಾಗೆಯೇ ಬಿಗಿದುಕೊಳ್ಳದಂತೆಯೂ ನೋಡಿಕೊಳ್ಳಲು ಔಷಧದ ಜೊತೆಗೆ ಭೌತಚಿಕಿತ್ಸೆ, ಈಜು ಮತ್ತು ಎಂದಿನ ಆಟಗಳನ್ನು ಮುಂದುವರಿಸಲಾಗುತ್ತದೆ.