ಸೈಕಲ್ಲಿಗೆ ಹೊದಿಕೆ ಬಂದ ಬಗೆ



ಮನೆಯ ಸೈಕಲ್ಲು ಸಂತೆಗೂ ಬೇಕು, ಹಾಲು ಒಯ್ಯಲೂ ಬೇಕು, ಗೊಬ್ಬರದ ಚೀಲ ತರಲೂ ಬೇಕು. ಇಷ್ಟೆಲ್ಲ ದುಡಿಯುವ ಈ ಕಬ್ಬಿಣದ ಎತ್ತಿಗೆ ಹಿಡಿಯುವ ರೋಗವೇ ತುಕ್ಕು. ಇದನ್ನು ತಡೆಯೋದಕ್ಕೆ ಹಿಂದಿನವರು ಏನೇನು ಮಾಡಿದರು ಅನ್ನೋದನ್ನ ಇವತ್ತು ಹೇಳುತ್ತೇನೆ. ಅದು ತಿಳಿದರೆ ನಾವು ಮಾಡಬೇಕಾದ್ದೂ ತಿಳಿಯುತ್ತೆ.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಗುಲಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ ಹಬ್ಬುತ್ತದೆ. ತುಕ್ಕು ಸಡಿಲವಾದ ಪುಡಿ. ಒಳಗಿನ ಕಬ್ಬಿಣವನ್ನು ಅದು ಕಾಯುವುದಿಲ್ಲ. ದಿನದಿನಕ್ಕೂ ಒಳಕ್ಕೇ ತಿನ್ನುತ್ತಾ ಹೋಗುತ್ತದೆ. ಆದ್ದರಿಂದ ಕಬ್ಬಿಣಕ್ಕೆ ಒಂದು ಹೊದಿಕೆ ಬೇಕೇ ಬೇಕು.

ಈಗಿನ ಆಕಾರದ ಸೈಕಲ್ಲಿಗೆ ದಾರಿ ಹಾಕಿದ್ದು ಇಂಗ್ಲೆಂಡಿನ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎಂಬವರ ರೋವರ್ ಸೈಕಲ್ಲು. ಅದು ಬಂದದ್ದು 1885ರಲ್ಲಿ. ಪೆಡಲು ತುಳಿದರೆ ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತಿತ್ತು. ಅನುಕೂಲವೇನೋ ಆಯಿತು. ಆದರೆ ಚೈನು ನೆಲಕ್ಕೆ ಹತ್ತಿರ. ಹಾದಿಯ ಕೆಸರು, ನೀರು ಎಲ್ಲ ಅದಕ್ಕೇ ಸಿಡಿಯತೊಡಗಿತು.

ಅದೇ ದೇಶದ ವುಲ್ವರ್‌ಹ್ಯಾಂಪ್ಟನ್ ಪಟ್ಟಣದಲ್ಲಿ ಜಾನ್ ಮಾರ್ಸ್ಟನ್ ಎಂಬವರಿದ್ದರು. ತಗಡಿನ ಸಾಮಾನುಗಳಿಗೆ ಕಪ್ಪು ಮೆರುಗೆಣ್ಣೆ ಬಳಿದು, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುವುದು ಅವರ ಕಸುಬು. 1887ರಲ್ಲಿ ಅವರು ಸೈಕಲ್ಲು ತಯಾರಿಕೆಗೆ ಕೈ ಹಾಕಿದರು. ತಟ್ಟೆ ಡಬ್ಬಿಗಳ ಮೇಲೆ ಕಲಿತ ವಿದ್ಯೆ ಸೈಕಲ್ಲಿನ ಮೈಮೇಲೆ ಬಂತು. ಅವರ ಸನ್‌ಬೀಮ್ ಸೈಕಲ್ಲಿನ ಕಪ್ಪು ಹೊಳಪು ಹೆಸರುವಾಸಿಯಾಯಿತು. ಅದರ ಚೈನು ಸುತ್ತಲೂ ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಅದ್ದಿಕೊಂಡೇ ತಿರುಗುತ್ತಿತ್ತು. ಆ ಪೆಟ್ಟಿಗೆಗೆ ‘ಚಿಕ್ಕ ಎಣ್ಣೆಸ್ನಾನ’ ಎಂಬ ಅರ್ಥದ ಹೆಸರೇ ಇತ್ತು. ನಮ್ಮ ಸೈಕಲ್ಲುಗಳ ಚೈನ್ ಕವರು ಅದೇ ಜಾತಿಯದು.

ಇನ್ನು ಲೋಹದ ಹೊದಿಕೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವುದು ನಮ್ಮ ತಾಯಂದಿರಿಗೆ ಗೊತ್ತು. ಹಾಗೆಯೇ ಕರಗಿಸಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಷಯವನ್ನು 1742ರಲ್ಲಿ ಫ್ರಾನ್ಸಿನ ಮಲುಯೆಂ ಎಂಬ ವಿದ್ವಾಂಸರು ಅಲ್ಲಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದರು. 1837ರಲ್ಲಿ ಅದೇ ದೇಶದ ಸೊರೆಲ್ ಎಂಬವರು ಈ ವಿಧಾನಕ್ಕೆ ಪೇಟೆಂಟು ಪಡೆದರು. ಎಷ್ಟೋ ಸೈಕಲ್ಲುಗಳ ಕಡ್ಡಿಗಳಿಗೆ ಈಗಲೂ ಸತುವಿನ ಲೇಪ ಉಂಟು. ಲೇಪ ಗೀರಿದರೂ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತೆ.

ಹ್ಯಾಂಡಲ್ಲು, ರಿಮ್ಮುಗಳಿಗೆ ಮೊದಲು ನಿಕ್ಕಲ್ ಲೇಪವಿತ್ತು. 1920ರ ದಶಕದಲ್ಲಿ ಅದರ ಮೇಲೆ ಕ್ರೋಮಿಯಂ ಲೇಪ ಬಂತು. ನೋಡಲು ಕನ್ನಡಿಯಂತಿದ್ದರೂ ಇದಕ್ಕೆ ಸತುವಿನ ಗುಣವಿಲ್ಲ. ಲೇಪ ಬಿರುಕು ಬಿಟ್ಟರೆ ಅಡಿಯ ಕಬ್ಬಿಣಕ್ಕೆ ಅಲ್ಲಿಂದಲೇ ತುಕ್ಕು ನುಗ್ಗುತ್ತದೆ.

ಬಣ್ಣ, ಲೋಹ, ಎಣ್ಣೆ: ಈ ಮೂರೇ ಹೊದಿಕೆ. ಕಾರ್ಖಾನೆಯವರು ಹೊದಿಸಿದ್ದನ್ನು ಹರಿಯದಂತೆ ನೋಡಿಕೊಳ್ಳೋದು ನಮ್ಮ ಕೆಲಸ. ಮಳೆಯಲ್ಲಿ ನೆನೆದ ಸೈಕಲ್ಲನ್ನು ಒಣಬಟ್ಟೆಯಿಂದ ಒರೆಸಿ. ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ; ಇಲ್ಲದಿದ್ದರೆ ಮಣ್ಣು ಅಂಟುತ್ತೆ. ಬ್ರೇಕು ಹಿಡಿಯುವ ರಿಮ್ಮಿಗೆ ಮಾತ್ರ ಎಣ್ಣೆ ತಾಗಬಾರದು. ಬಣ್ಣ ಎದ್ದ ಕಡೆ ಉಪ್ಪುಕಾಗದದಿಂದ ತಿಕ್ಕಿ, ತುಕ್ಕು ತೆಗೆದು, ಮೇಲೆ ಬಣ್ಣ ಹಚ್ಚಿ.

ಗೊಬ್ಬರವೂ ಒಂದು ಬಗೆಯ ಉಪ್ಪೇ. ಪೊಟ್ಯಾಷ್, ಅಮೋನಿಯಂ ಸಲ್ಫೇಟ್ ಚೀಲ ಹೇರಿ ತಂದ ದಿನ ಕ್ಯಾರಿಯರನ್ನು ತೊಳೆದು ಒರೆಸಿಬಿಡಿ. ಗಂಜಲ ಹರಿಯುವ ಕೊಟ್ಟಿಗೆಯಲ್ಲಿ ಸೈಕಲ್ಲು ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ಸೀಟಿನ ಕಂಬಿಯನ್ನು ಎಳೆದು, ಗ್ರೀಸು ಸವರಿ ಮತ್ತೆ ಕೂರಿಸಿ. ಅಲ್ಲಿಂದ ಇಳಿದ ನೀರು ಕೊಳವೆಯನ್ನು ಒಳಗಿನಿಂದಲೇ ತಿನ್ನುತ್ತೆ. ಹೊರಗೆ ಬಣ್ಣ ನೆಟ್ಟಗೇ ಕಾಣುತ್ತಿರುತ್ತೆ. ಒಂದು ದಿನ ಭಾರ ಹೇರಿ ಇಳಿಜಾರಿನಲ್ಲಿ ಹೋಗುವಾಗ ಅದು ಮುರಿದರೆ ಕೈಕಾಲಿಗೇ ಅಪಾಯ. ಒಂದು ಚಿಂದಿ ಬಟ್ಟೆ, ಒಂದು ಬಟ್ಟಲು ಎಣ್ಣೆ, ವಾರಕ್ಕೆ ಸ್ವಲ್ಪ ಹೊತ್ತು: ಇಷ್ಟನ್ನು ಸೈಕಲ್ಲಿಗೆ ಕೊಡಿ.