ಹಾಡು-ಇತಿಹಾಸ, ಭಾಗ 6: ಕಾಗದಕ್ಕೆ ಕಾಯುತ್ತಿದ್ದವರು

ಮೆಸೇಜ್ ಕಳಿಸಿ ಎರಡೇ ನಿಮಿಷ, ಇನ್ನೂ ಬ್ಲೂ ಟಿಕ್ ಬಂದಿಲ್ಲ. ಆಗಲೇ ಹೊಟ್ಟೆಯೊಳಗೆ ಏನೋ ಸಂಕಟ. ನಿಮಗೂ ಹೀಗಾಗುತ್ತೆ ತಾನೇ? ಹಾಗಾದ್ರೆ ಈ ಸಲದ ಹಾಡು ನಿಮ್ಮದೇ.

ಹೆಸರು ‘ವಿ ಯೂಸ್ಡ್ ಟು ವೇಟ್’. ಕೆನಡಾದ ಮಾಂಟ್ರಿಯಲ್‌ನ ಇಂಡೀ ಬ್ಯಾಂಡ್ ಆರ್ಕೇಡ್ ಫೈರ್ 2010ರ ಆಗಸ್ಟ್‌ನಲ್ಲಿ ತಂದ ‘ದಿ ಸಬರ್ಬ್ಸ್’ ಆಲ್ಬಮ್ಮಿನದು. ಪಿಯಾನೋ ಗಡಿಯಾರದ ಹಾಗೆ ಬಿಡದೆ ಕುಟ್ಟುತ್ತಾ ಇರುತ್ತೆ. ಹಿಂದೆ ಕಾಗದ ಬರೆದು, ಸಹಿ ಹಾಕಿ, ಉತ್ತರಕ್ಕೆ ಕಾಯುತ್ತಿದ್ದುದನ್ನು ಹಾಡುವವನು ನೆನೆಯುತ್ತಾನೆ. ಈಗ ಎಲ್ಲವೂ ಬೇಗ ಬೇಗ ಆಗುತ್ತೆ, ಆದರೆ ಅದರಲ್ಲಿ ತಾನೇ ಇಲ್ಲ ಅನ್ನೋ ಭಯ. ನನಗಂತೂ ಹಾಗೆ ಕೇಳಿಸುತ್ತೆ.

ಬ್ಯಾಂಡಿನ ಅಣ್ಣತಮ್ಮಂದಿರು ವಿನ್ ಮತ್ತು ವಿಲ್ ಬಟ್ಲರ್ ಬೆಳೆದದ್ದು ಅಮೆರಿಕದ ಹ್ಯೂಸ್ಟನ್ ಪಕ್ಕದ ‘ದಿ ವುಡ್‌ಲ್ಯಾಂಡ್ಸ್’ನಲ್ಲಿ. ತಾನಾಗಿ ಬೆಳೆದ ಊರಲ್ಲ ಅದು. ಜಾರ್ಜ್ ಮಿಚೆಲ್ ಅನ್ನೋ ತೈಲೋದ್ಯಮಿ ನಕ್ಷೆ ಹಾಕಿ ಕಟ್ಟಿಸಿ 1974ರಲ್ಲಿ ತೆರೆದ ಬಡಾವಣೆ. ಹೆಸರಲ್ಲೇ ಕಾಡು! ಹಳೇ ಗೆಳೆಯನೊಬ್ಬ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿನ ಮಾಲ್‌ನಲ್ಲಿ ನಿಂತ ಫೋಟೋ ಕಳಿಸಿದ್ದನಂತೆ. ಆಲ್ಬಮ್ ಹುಟ್ಟಿದ್ದು ಅಲ್ಲಿಂದ. ಮರ್ಜ್ ಅನ್ನೋ ಸಣ್ಣ ಸ್ವತಂತ್ರ ಕಂಪನಿಯಿಂದ ಬಂದ ಅದು 2011ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ ಗೆದ್ದಾಗ ‘ಯಾರಪ್ಪಾ ಇವರು’ ಅಂದವರೇ ಜಾಸ್ತಿ.

ಈಗ ಅಸಲಿ ಕಥೆ, ಸ್ವೈಪ್ ಮಾಡಿ.

ಈ ಹಾಡಿಗೆ ಕ್ರಿಸ್ ಮಿಲ್ಕ್ ಅನ್ನೋ ನಿರ್ದೇಶಕ ಗೂಗಲ್ ಜೊತೆ ಸೇರಿ 2010ರಲ್ಲೇ ‘ದಿ ವೈಲ್ಡರ್‌ನೆಸ್ ಡೌನ್‌ಟೌನ್’ ಅನ್ನೋ ಚಿತ್ರ ಮಾಡಿದ. ಬ್ರೌಸರ್‌ನಲ್ಲಿ ಓಡುವ ಚಿತ್ರ. ಮೊದಲು ನೀವು ಬೆಳೆದ ಮನೆಯ ವಿಳಾಸ ಕೇಳುತ್ತಿತ್ತು. ಆಮೇಲೆ ಪುಟ್ಟ ಪುಟ್ಟ ಕಿಟಕಿಗಳು ತೆರೆಯುತ್ತಾ, ಹೂಡಿ ಹಾಕಿದ ಒಬ್ಬರು ಓಡುತ್ತಾ, ಸ್ಟ್ರೀಟ್ ವ್ಯೂ ಮತ್ತು ಉಪಗ್ರಹ ಚಿತ್ರಗಳಲ್ಲಿ ನಿಮ್ಮದೇ ಬೀದಿ ಬರುತ್ತಿತ್ತು. ನಡುವೆ, ಅಲ್ಲಿದ್ದ ಚಿಕ್ಕ ವಯಸ್ಸಿನ ನಿಮಗೇ ಒಂದು ಪೋಸ್ಟ್‌ಕಾರ್ಡ್ ಬರೀರಿ ಅನ್ನುತ್ತಿತ್ತು. ಕೊನೆಗೆ ರಸ್ತೆಯಲ್ಲೆಲ್ಲ ಮರಗಳು ಎದ್ದು ನಿಲ್ಲುತ್ತಿದ್ದವು. ಕಾಯೋದನ್ನ ಮರೆಸಿದ ಯಂತ್ರದಿಂದಲೇ ಕಾಗದ ಬರೆಸಿದ್ದು ನೋಡಿ. ಇದು ಕ್ರೋಮ್ ಬ್ರೌಸರ್‌ನ ಜಾಹೀರಾತೂ ಹೌದು, ಅದನ್ನ ಮುಚ್ಚಿಡೋದು ಬೇಡ. ಆದರೂ ನೋಡಿದವರು ಅತ್ತರೆ ನಾನು ನಗಲ್ಲ.

ನಮ್ಮವರಿಗೆ ಅಷ್ಟೂ ಸಿಗಲಿಲ್ಲ. ಆಗ ಭಾರತದ ಬೀದಿಗಳು ಸ್ಟ್ರೀಟ್ ವ್ಯೂನಲ್ಲಿ ಇರಲೇ ಇಲ್ಲ. 2011ರ ಮೇನಲ್ಲಿ ಗೂಗಲ್ ಕಾರುಗಳು ಬೆಂಗಳೂರಿನ ಬೀದಿಗಿಳಿದವು. ಜೂನ್‌ನಲ್ಲೇ ಪೊಲೀಸರು ಭದ್ರತೆಯ ಕಾರಣ ಕೊಟ್ಟು ನಿಲ್ಲಿಸಿದರು. ಮತ್ತೆ ಬಂದದ್ದು 2022ರ ಜುಲೈನಲ್ಲಿ, ಭಾರತದ ಕಂಪನಿಗಳ ಮೂಲಕ.

ಈ ಹನ್ನೊಂದು ವರ್ಷದ ನಡುವೆಯೇ ನಮ್ಮ ವಠಾರ ಹೋಯ್ತು. ಆರು ಮನೆ, ಒಂದು ನಲ್ಲಿ, ಗೇಟಿನ ಹತ್ರ ಸೀಬೆ ಮರ. ಅದರ ಒಂದು ಫೋಟೋನೂ ನಮ್ಮ ಹತ್ರ ಇಲ್ಲ, ನಮ್ಮನೇಲಿ ಎಲ್ಲ ಫೋಟೋ ಮದುವೆ ಮನೆಯವೇ. ಮೊನ್ನೆ ವಿಳಾಸ ಹಾಕಿ ನೋಡಿದೆ. ನಾಲ್ಕು ಮಹಡಿಯ ಪಿಜಿ, ಮುಂದೆ ಸಾಲಾಗಿ ಸ್ಕೂಟರ್.

ಆ ಪೋಸ್ಟ್‌ಕಾರ್ಡ್‌ನ ಅಂಚೆ ಕಚೇರಿಯಿಂದಲೇ ತಂದು, ಕೈಯಲ್ಲೇ ಬರೆದು, ಹಳೇ ವಿಳಾಸಕ್ಕೆ ಹಾಕಿದ್ದೀನಿ. ಫೋಟೋ ಕೊನೇ ಸ್ಲೈಡ್‌ನಲ್ಲಿದೆ. ಪಿಜಿಯಲ್ಲಿ ಯಾರಿಗೆ ಸಿಗುತ್ತೋ ನೋಡೋಣ.

ನಿಮ್ಮ ಹಳೇ ಮನೇಲಿದ್ದ ಒಂದು ವಸ್ತು ಕಮೆಂಟಲ್ಲಿ ಬರೀರಿ. ವಿಳಾಸ ಮಾತ್ರ ಹಾಕ್ಬೇಡಿ ಮಾರಾಯ್ರೇ!